ಎಡಗೈ ಸಡಿಲ, ಗುರುವಾರ ಕೊಡುವುದು

ನಾನು ಇಕ್ಬಾಲ್ ಬೇಗಂ. ಕಲಬುರಗಿಯ ಸರಕಾರಿ ಉರ್ದು ಶಾಲೆಗಳಲ್ಲಿ ಮೂವತ್ತೈದು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು. ಮಕ್ಕಳ ಪರೀಕ್ಷೆಯ ಕಾಗದ ತಿದ್ದಿ ತಿದ್ದಿ ನನಗೊಂದು ಚಟ ಅಂಟಿಕೊಂಡಿದೆ. ಯಾರು ಯಾರದ್ದನ್ನು ನೋಡಿ ಬರೆದಿದ್ದಾರೆ ಎಂಬುದು ಎರಡನೆಯ ಸಾಲಿಗೇ ಗೊತ್ತಾಗಿಬಿಡುತ್ತದೆ. ಇಬ್ಬರ ಉತ್ತರವೂ ಸರಿಯಿದ್ದರೆ ನಾನು ಏನೂ ಅನ್ನುತ್ತಿರಲಿಲ್ಲ. ಇಬ್ಬರದೂ ಒಂದೇ ತಪ್ಪಾಗಿದ್ದರೆ ಇಬ್ಬರನ್ನೂ ಎದ್ದು ನಿಲ್ಲಿಸುತ್ತಿದ್ದೆ.

ಗಡಿಯಲ್ಲಿ ನಾಲ್ಕು ದಿನ ಯುದ್ಧ ನಡೆದ ಆ ಮೇ ತಿಂಗಳಲ್ಲಿ ಟಿವಿಯ ಮುಂದೆ ಕುಳಿತಾಗಲೂ ನನ್ನ ಚಟ ಬಿಡಲಿಲ್ಲ. ವೈರಿಗಳ ಟ್ಯಾಂಕ್ ನಮ್ಮವರ ಕೈಗೆ ಸಿಕ್ಕಿತು ಎಂದು ಒಂದು ಚಾನೆಲ್‌ನವರು ತೋರಿಸಿದರು. ಅದೇ ಟ್ಯಾಂಕು, ಅದೇ ಹೊಗೆ, ಮೂಲೆಯಲ್ಲಿ ಓಡುವ ಅದೇ ಕುಂಟ ನಾಯಿ ಇನ್ನೊಂದು ಚಾನೆಲ್‌ನಲ್ಲಿ ಬೇರೊಂದು ಊರಿನ ಹೆಸರು ಹೊತ್ತು ಬಂತು. ಆಚೆ ಕಡೆಯವರ ಸುದ್ದಿಯನ್ನೂ ಮಗ ಪರ್ವೇಜ್‌ನ ಮೊಬೈಲ್‌ನಲ್ಲಿ ನೋಡಿದೆ. ಅಲ್ಲಿ ಆ ನಾಯಿ ಅವರ ಪರವಾಗಿ ಓಡುತ್ತಿತ್ತು. ನಾನು ಜೋರಾಗಿ ನಕ್ಕುಬಿಟ್ಟೆ.

"ಅಮ್ಮೀ, ನಗಬ್ಯಾಡ್ರಿ. ಕಿಟಕಿ ತೆರದದ," ಎಂದ ಪರ್ವೇಜ್.

ನಮ್ಮ ಮನೆ ಶಹಾಬಜಾರದ ಒಂದು ಸಣ್ಣ ಗಲ್ಲಿಯಲ್ಲಿದೆ. ಒಳಗೆ ಕೆಮ್ಮಿದರೆ ಎದುರು ಮನೆಯವರು ಮದ್ದು ಹೇಳುವಷ್ಟು ಹತ್ತಿರ ಎಲ್ಲ. ನಗುವುದಕ್ಕೂ ಕಿಟಕಿ ಮುಚ್ಚಬೇಕಾದ ಕಾಲ ಬಂತಲ್ಲ ಎಂದು ಸಿಟ್ಟು ಬಂತು. ಆದರೂ ಎದ್ದು ಹೋಗಿ ಕಿಟಕಿ ಮುಚ್ಚಿದೆ.

ಯುದ್ಧ ನಿಂತು ಒಂದು ವಾರವಾಗಿರಬಹುದು. ಬೆಳಿಗ್ಗೆ ಹತ್ತರ ಹೊತ್ತಿಗೆ ಗಲ್ಲಿಯ ಬಾಯಿಗೆ ಒಂದು ಕಾರು ಬಂದು ನಿಂತಿತು. ಇಳಿದು ಬಂದವನು ವಿಶ್ವಾರಾಧ್ಯ ಎಂಬ ಮೂವತ್ತರ ಯುವಕ. ಕಮಲಾಪುರದವನು, ಒಂದು ದೇಶಭಕ್ತರ ವೇದಿಕೆಯ ಅಧ್ಯಕ್ಷ. ಮೊಬೈಲ್‌ನಲ್ಲಿ ಓಡುವ ಸುದ್ದಿ ಚಾನೆಲ್ಲೂ ಅವನದೇ. ನನ್ನ ಹೆಸರನ್ನು ತಹಸೀಲ್ ಕಚೇರಿಯ ಸಾಹೇಬರೊಬ್ಬರು ಹೇಳಿದ್ದರಂತೆ. ನಮ್ಮ ಕಡೆ ನಿಜಾಮರ ಕಾಲದ ಜಮೀನಿನ ಕಾಗದಗಳೆಲ್ಲ ಉರ್ದುವಿನಲ್ಲಿವೆ. ಅಣ್ಣತಮ್ಮಂದಿರು ಹೊಲಕ್ಕಾಗಿ ಕೋರ್ಟು ಹತ್ತಿದಾಗ ಅವನ್ನು ಓದಿ ಕನ್ನಡಕ್ಕೆ ಬರೆದುಕೊಡುವವರು ಬೇಕಾಗುತ್ತಾರೆ. ನಿವೃತ್ತಳಾದ ಮೇಲೆ ಆ ಕೆಲಸ ನಾನು ಎಷ್ಟೋ ಸಲ ಮಾಡಿಕೊಟ್ಟಿದ್ದೆ.

"ಮೇಡಂ, ನಮ್ಮೂರ ಗುಡ್ಡದಾಗ ವೈರಿ ಡ್ರೋನ್ ಸಿಕ್ಕದರಿ. ಸುದ್ದಿ ನೋಡಿರಬೇಕಲ್ರಿ. ಅದರ ಮ್ಯಾಲ ಉರ್ದುದಾಗ ಏನೋ ಬರದಾರ. ನೀವು ಬಂದು ಓದಿ ಹೇಳಬೇಕ್ರಿ," ಎಂದ.

"ಗಡಿ ಎಲ್ಲಿ, ಕಮಲಾಪುರ ಎಲ್ಲಿ? ನಿಮ್ಮೂರ ಕೆಂಪು ಬಾಳಿಹಣ್ಣು ತಿನ್ನಾಕ ಅಷ್ಟು ದೂರ ಬಂದಿತ್ತೇನಪ್ಪ ಅದು?" ಎಂದೆ.

ಅವನು ನಕ್ಕ. ನಂತರ ಯಾರ ಮನೆಯಲ್ಲಿ ನಿಂತು ನಗುತ್ತಿದ್ದೇನೆ ಎಂಬುದು ನೆನಪಾಯಿತೋ ಏನೋ, ನಗು ನಿಲ್ಲಿಸಿದ. "ಅದನ್ನ ದೊಡ್ಡೋರು ತನಿಖಿ ಮಾಡ್ತಾರ್ರಿ. ನೀವು ಓದಿದ್ರ ಸಾಕು."

ಪರ್ವೇಜ್ ಒಳಗೆ ಕರೆದು, ಮೊಣಕಾಲು ನೋವು ಎಂದು ಹೇಳಿ ಕಳಿಸಿಬಿಡಿ ಎಂದು ಪಿಸುಗುಟ್ಟಿದ. ಮೊಣಕಾಲು ನಿಜಕ್ಕೂ ನೋಯುತ್ತಿತ್ತು. ಆದರೆ ಹೋಗದೆ ಇರುವುದನ್ನೂ ಅವರು ಒಂದು ಉತ್ತರವೆಂದೇ ಬರೆದುಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಅವರ ಸುಳ್ಳನ್ನು ಕಣ್ಣಾರೆ ನೋಡಿ ಬರಬೇಕು ಎಂಬ ಹುಚ್ಚು ಆಸೆಯೂ ನನಗಿತ್ತು. ಬುರ್ಖಾ ತೊಟ್ಟು, ಕನ್ನಡಕ ಒರೆಸಿಕೊಂಡು ಹೊರಟೆ.

ಕಮಲಾಪುರದ ಒಂದು ಮದುವೆ ಹಾಲ್‌ನಲ್ಲಿ ಅದನ್ನಿಟ್ಟಿದ್ದರು. ಹೊರಗೆ ಬಿಸಿಲಿನಲ್ಲಿ ಉದ್ದನೆಯ ಪಾಳಿ. ಬಾಳೆಹಣ್ಣಿನವರು, ಐಸ್‌ಕ್ಯಾಂಡಿಯವರು, ಮಕ್ಕಳನ್ನು ಹೆಗಲ ಮೇಲೆ ಹೊತ್ತವರು. ಒಳಗೆ ವಧೂವರರು ಕೂರುವ ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ, ಸುತ್ತ ಹಗ್ಗ. ಮೇಲೆ ದೊಡ್ಡ ಅಕ್ಷರಗಳ ಬ್ಯಾನರ್: ವಶಪಡಿಸಿಕೊಂಡ ವೈರಿ ಡ್ರೋನ್, ಮುಟ್ಟಬಾರದು. ಆ ಯಂತ್ರವೋ, ಮಗುಚಿ ಇಟ್ಟ ಸ್ಟೂಲಿನ ಹಾಗೆ ಆರು ಕರಿ ಕೋಲುಗಳನ್ನು ಚಾಚಿಕೊಂಡು ಕುಳಿತಿತ್ತು. ಎರಡು ಕೋಲು ಮುರಿದಿದ್ದವು. ಹೊಟ್ಟೆಯ ಕೆಳಗೆ ಏನೋ ಕಳಚಿಹೋದ ಖಾಲಿ ಹಿಡಿಕೆಗಳು. ಬೆನ್ನಿನ ಮೇಲೆ ಅಂಗೈಯಗಲದ ತ್ರಿವರ್ಣ ಧ್ವಜದ ಸ್ಟಿಕ್ಕರ್. ವಶಕ್ಕೆ ತೆಗೆದುಕೊಂಡ ಗುರುತಿಗೆ ತಾನೇ ಅಂಟಿಸಿದ್ದು ಎಂದು ವಿಶ್ವಾರಾಧ್ಯ ಹೆಮ್ಮೆಯಿಂದ ಹೇಳಿದ.

"ಇಲ್ಲಿ ನೋಡ್ರಿ ಮೇಡಂ," ಎಂದು ಎಡಗಡೆಯ ಒಂದು ಕೋಲನ್ನು ತೋರಿಸಿದ.

ಕೋಲಿನ ಬುಡದಲ್ಲಿ, ಒಂದು ಅಲ್ಯೂಮಿನಿಯಂ ಪಟ್ಟಿಯ ಕೆಳಗೆ, ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಎರಡು ಬೆರಳಿನಷ್ಟು ಉದ್ದ ಅಂಟಿಸಿತ್ತು. ಅದರ ಮೇಲೆ ಕರಿ ಪೆನ್ನಿನ ಉರ್ದು ಅಕ್ಷರ. ನಾನು ಬಗ್ಗಿದೆ. ಓದುವುದಕ್ಕೆ ಮೊದಲೇ ಕೈ ಯಾರದೆಂದು ಗೊತ್ತಾಯಿತು. ಹೀಗೆಯೇ ಸಾಲು ಬಿಟ್ಟು ಮೇಲಕ್ಕೆ ಹತ್ತುವ ಕನ್ನಡ ಅಕ್ಷರಗಳಿಗಾಗಿ ನಾನು ಒಬ್ಬ ಹುಡುಗನ ಬೆರಳಿನ ಗೆಣ್ಣಿಗೆ ಎಷ್ಟೋ ಸಲ ಹೊಡೆದಿದ್ದೇನೆ.

ಬಂಡೆಮ್ಮ ಬಾಯಿ, ಕಮಲಾಪುರ. ಬಾಯಾಂ ಹಾತ್ ಢೀಲಾ. ಜುಮೇರಾತ್ ಕು ದೇನಾ.

ಕಮಲಾಪುರದ ಬಂಡೆಮ್ಮ ಎಂಬವಳದು. ಎಡಗೈ ಸಡಿಲ. ಗುರುವಾರ ಕೊಡುವುದು. ಇಷ್ಟೇ.

ಆ ಹುಡುಗ ನಬಿಸಾಬ್, ಈಗ ನಮ್ಮ ಗಲ್ಲಿಯ ತುದಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮಿಕ್ಸರ್, ಫ್ಯಾನು, ನೀರಿನ ಮೋಟಾರು, ಬೆಳೆಗೆ ಔಷಧಿ ಹೊಡೆಯುವ ಪಂಪು, ಏನು ತಂದರೂ ಬಿಚ್ಚಿ ಕೂರುತ್ತಾನೆ. ಅವನ ಅಂಗಡಿಯಲ್ಲಿ ರಸೀದಿಯಿಲ್ಲ, ಪುಸ್ತಕವಿಲ್ಲ. ಬಂದ ವಸ್ತುವಿಗೆ ಒಂದು ತುಂಡು ಪ್ಲಾಸ್ಟರ್ ಅಂಟಿಸಿ, ಯಾರದು, ಯಾವ ಊರು, ಏನು ಕೆಟ್ಟಿದೆ, ಯಾವ ದಿನ ಕೊಡಬೇಕು ಎಂದು ಬರೆಯುತ್ತಾನೆ. ಅಂಗಡಿಯ ಜ್ಞಾಪಕವೆಲ್ಲ ಆ ಪ್ಲಾಸ್ಟರಿನಲ್ಲೇ. ಐದನೆಯ ತರಗತಿಯಲ್ಲಿ ಅವನು ನನ್ನ ವಿದ್ಯಾರ್ಥಿ. ಕನ್ನಡ ಮಾತು ಚೆನ್ನಾಗಿ ಆಡುತ್ತಿದ್ದ, ಬರೆಯಲು ಮಾತ್ರ ಕೈ ಏಳುತ್ತಿರಲಿಲ್ಲ. ಮನಸ್ಸು ಒಪ್ಪದೆ ಮೂವತ್ತೈದು ಅಂಕ ಕೊಟ್ಟು ಪಾಸು ಮಾಡಿದ್ದೆ. ಅವನು ಕನ್ನಡದಲ್ಲಿ ಬರೆಯುವಂತಿದ್ದರೆ ಆ ಯಂತ್ರ ಇವತ್ತು ಈ ಮೇಜಿನ ಮೇಲೆ ಇರುತ್ತಿರಲಿಲ್ಲ.

"ಏನು ಬರದಾರ್ರಿ?" ವಿಶ್ವಾರಾಧ್ಯ ಮೊಬೈಲ್ ಎತ್ತಿ ಹಿಡಿದಿದ್ದ. ಅವನ ಪಕ್ಕದಲ್ಲಿ ಇನ್ನೂ ಮೂರು ಮೊಬೈಲ್‌ಗಳಿದ್ದವು.

ಓದಿದರೆ, ಬರೆದವರು ಯಾರು ಎನ್ನುತ್ತಾರೆ. ನಬಿಸಾಬ್ ಎಂದರೆ ಸಾಕು, ಉಳಿದದ್ದನ್ನು ಆ ಹೆಸರಿನಿಂದಲೇ ಕಟ್ಟಿಕೊಳ್ಳುತ್ತಾರೆ. ಅಂಗಡಿಯ ಹಲಗೆಯ ಮೇಲೆ ಕುಳಿತು ಸ್ಕ್ರೂಗಳನ್ನು ಬೇಳೆಯಂತೆ ಆರಿಸುವ ಅವನ ಹೆಂಡತಿ ಫರೀದಾ ಕಣ್ಣಿಗೆ ಕಂಡಳು. ಹಗ್ಗದ ಆಚೆ ಪಾಳಿಯಲ್ಲಿ ಟೋಪಿ ಹಾಕಿದ ಒಬ್ಬ ಮುದುಕ ನಿಂತಿದ್ದ. ಅವನ ತುಟಿಗಳು ಅಲ್ಲಾಡಿ ಪ್ಲಾಸ್ಟರಿನ ಮೇಲಿನದನ್ನು ಓದಿ ಮುಗಿಸಿದವು. ಅವನು ನನ್ನನ್ನು ನೋಡಿದ, ನೆಲ ನೋಡಿದ, ಪಾಳಿಯ ಜೊತೆ ಮುಂದೆ ಸರಿದುಹೋದ.

"ಅಳಿಸೇದರಿ. ಓದಾಕ ಬರಂಗಿಲ್ಲ," ಎಂದೆ.

ಅದನ್ನೇ ಬರೆದುಕೊಡಿ ಎಂದರು. ಕಾಗದದ ಮೇಲೆ ಬರೆದೆ: ಬರಹ ಅಳಿಸಿದೆ, ಓದಲು ಸಾಧ್ಯವಿಲ್ಲ. ಇಕ್ಬಾಲ್ ಬೇಗಂ, ನಿವೃತ್ತ ಕನ್ನಡ ಶಿಕ್ಷಕಿ. ಒಂದು ಕಾಗುಣಿತ ತಪ್ಪಿಲ್ಲದೆ ದುಂಡಗೆ ಬರೆದು ಸಹಿ ಹಾಕಿದೆ. ಒಬ್ಬ ಬಡವನನ್ನು ಉಳಿಸಿದೆ ಎಂದು ಒಳಗೊಳಗೇ ಹಿಗ್ಗಿದ್ದನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಹೊರಗೆ ನೀರಿನ ಡ್ರಮ್ಮಿನ ಹತ್ತಿರ ನಿಂತು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ ಒಬ್ಬ ಹೆಂಗಸು ಬಂದು ನನ್ನ ತೋಳು ಹಿಡಿದಳು. ನಲವತ್ತರ ಆಸುಪಾಸು. ಬಿಸಿಲಿಗೆ ಸುಟ್ಟ ಮುಖ, ಹಸಿರು ಸೀರೆ.

"ಅಕ್ಕೋರ, ನೀವು ಓದಿದ್ರಿ. ಹಗ್ಗದ ಬಾಜೂಕ ನಿಂತು ನಿಮ್ಮ ಕಣ್ಣು ನಾ ನೋಡೀನಿ," ಎಂದಳು. "ನಾ ಬಂಡೆಮ್ಮ. ಅದು ನಂದು ಅದರಿ."

ಡ್ರಮ್ಮಿನ ಹಿಂದೆ ಕರೆದುಕೊಂಡು ಹೋಗಿ ಮಾತಾಡಿಸಿದೆ. ಹಿಂದಿನ ವರ್ಷ ಅವಳ ಮಹಿಳಾ ಸಂಘಕ್ಕೆ ಔಷಧಿ ಹೊಡೆಯುವ ಡ್ರೋನ್ ಬಂದಿತ್ತು. ಹದಿನೈದು ದಿನ ತರಬೇತಿ ಪಡೆದು ಅದನ್ನು ಹಾರಿಸಲು ಕಲಿತವಳು ಇಡೀ ಸಂಘದಲ್ಲಿ ಇವಳೊಬ್ಬಳೇ. ಸುತ್ತಲಿನ ಹೊಲದವರು ವಿಮಾನದ ಬಂಡೆಮ್ಮ ಎಂದು ಕರೆಯುತ್ತಿದ್ದರಂತೆ. ಅದರ ಒಂದು ಕೈ ಸಡಿಲವಾದಾಗ ಕಂಪನಿಯವರು ಬರಲು ತಿಂಗಳು ಬೇಕೆಂದರು. ತೊಗರಿ ಹೂ ಬಿಟ್ಟ ಹೊತ್ತು, ಕಾಯುವಂತಿರಲಿಲ್ಲ. ಬಸ್ಸಿನಲ್ಲಿ ಹಾಕಿಕೊಂಡು ನಬಿಸಾಬನ ಹತ್ತಿರ ಒಯ್ದಿದ್ದಳು. ಅವನು ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿ ಕೈ ಬಿಗಿದುಕೊಟ್ಟಿದ್ದ. ನವೆಂಬರಿನಲ್ಲಿ ಗುಡ್ಡದ ಬದಿಯ ತೊಗರಿ ಹೊಲದಲ್ಲಿ ಹಾರಿಸುವಾಗ ಅದು ಅವಳ ಮಾತು ಮೀರಿ ಗುಡ್ಡ ದಾಟಿ ಹೋಯಿತು. ಮೂರು ದಿನ ಹುಡುಕಿದರೂ ಸಿಗಲಿಲ್ಲ.

"ನಾನೇ ಮಾರಕೊಂಡೀನಿ ಅಂದ್ರು ಅಕ್ಕೋರ. ಆರು ತಿಂಗಳಾತು, ಸಂಘದಾಗ ಯಾರೂ ನನ್ನ ಮಾರಿ ನೋಡವಲ್ರು. ಈಗ ಸಿಕ್ಕದ. ಔಷಧಿ ಡಬ್ಬಿ ಎಲ್ಲೋ ಕಳಚಿ ಬಿದ್ದದ, ಅದಕ್ಕ ಯಾರಿಗೂ ಗುರ್ತು ಹತ್ತವಲ್ದು. ನಂಬರಿನ ಚೀಟಿ ಬೆನ್ನ ಮ್ಯಾಲ ಇತ್ತು, ಅದರ ಮ್ಯಾಲೇ ಬಾವುಟ ಹಚ್ಯಾರ. ನೀವರ ಹೇಳ್ರಿ."

ಅವಳಿಗೆ ಬೇಕಾಗಿದ್ದು ಅವಳ ಮಾನ. ನನ್ನ ತಲೆಯಲ್ಲಿದ್ದುದು ನಬಿಸಾಬ್ ಒಬ್ಬನೇ. "ನಾಕು ದಿನ ತಡಿಯವ್ವ," ಎಂದೆ. "ಈಗ ಬಾಯಿ ಬಿಟ್ರ ಆ ನಬಿಸಾಬ್‌ನ್ನ ಎಳಕೊಂಡು ಹೋಗ್ತಾರ. ಗದ್ದಲ ತಣ್ಣಗಾಗಲಿ. ಆಮ್ಯಾಲ ನಾನೇ ನಿನ್ನ ಜೋಡಿ ಬರ್ತೀನಿ. ನನ್ನ ನಂಬರ್ ತಗೊ."

ಅವಳು ತಿರುಗಿ ಹಾಲ್‌ನ ಬಾಗಿಲನ್ನೇ ನೋಡಿದಳು. "ನಾಕು ದಿನ ಅಂದ್ರ ನಾಕೇ ದಿನರಿ," ಎಂದಳು.

ಅವತ್ತು ಸಂಜೆಯೇ ವಿಶ್ವಾರಾಧ್ಯನ ಸುದ್ದಿ ದೊಡ್ಡ ಚಾನೆಲ್ಲಿಗೂ ಹತ್ತಿತು. ಉರ್ದು ಬಲ್ಲ ಶಿಕ್ಷಕಿಗೂ ಓದಲಾಗದ ಗುಪ್ತಲಿಪಿ! ಪರದೆಯ ತುಂಬ ಆ ಎರಡು ಬೆರಳಿನ ಪ್ಲಾಸ್ಟರ್, ಅದರ ಸುತ್ತ ಕೆಂಪು ಗೆರೆ, ಹಿಂದೆ ಢಂ ಢಂ ಸಂಗೀತ. ಅಳಿಸಿದೆ ಎಂದು ನಾನು ಹೇಳಿದ್ದ ಒಂದೊಂದು ಅಕ್ಷರವೂ ಟಿವಿಯಲ್ಲಿ ಬಾಗಿಲಿನಷ್ಟು ದೊಡ್ಡದಾಗಿ ನಿಚ್ಚಳವಾಗಿ ಕಾಣುತ್ತಿತ್ತು. ನಾನು ಯೋಚಿಸದೇ ಹೋಗಿದ್ದು ಇದನ್ನೇ.

ಕಲಬುರಗಿಯಲ್ಲಿ ಉರ್ದು ಓದಬಲ್ಲವರು ಎಷ್ಟು ಸಾವಿರವೋ. ಶಹಾಬಜಾರದಲ್ಲಿ ಹಾಲಿನ ಅಂಗಡಿ, ಕಟಿಂಗ್ ಶಾಪು, ಬ್ರೆಡ್ಡಿನ ಅಂಗಡಿ, ಎಲ್ಲ ಕಡೆ ಟಿವಿ ಇದೆ. ಎಲ್ಲರೂ ಓದಿದರು. ಅವರಲ್ಲಿ ಅರ್ಧ ಜನರ ಮನೆಯ ಫ್ಯಾನಿನ ಮೇಲೆ ಅದೇ ಕೈ ಬರಹದ ಪ್ಲಾಸ್ಟರ್ ಇವತ್ತಿಗೂ ಅಂಟಿಕೊಂಡಿದೆ. ಮರುದಿನ ಹಾಲು ತರಲು ಹೋದಾಗ ಅಲ್ಲಿದ್ದವರೆಲ್ಲ ಬಿಸಿಲಿನ ವಿಚಾರ ಮಾತಾಡುತ್ತಿದ್ದರು. ಇಷ್ಟು ಬಿಸಿಲು ಯಾವ ವರ್ಷವೂ ಇರಲಿಲ್ಲ ಎಂದರು. ನಾನೂ ಹೌದೆಂದೆ.

ಅವತ್ತೇ ನಬಿಸಾಬ್ ನಮ್ಮ ಮನೆಗೆ ಬಂದ. ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರ್ ಹಾಗೆಯೇ ಇತ್ತು. ಶಾಲೆಯಲ್ಲಿ ನಾನು ಹಾಕಿದ್ದ ಕಟ್ಟುಪಾಡಿನಂತೆ ನನ್ನೊಡನೆ ಈಗಲೂ ಕನ್ನಡದಲ್ಲೇ ಮಾತಾಡುತ್ತಾನೆ.

"ಟೀಚರ್, ನನ್ನ ಅಕ್ಷರ ಟಿವ್ಯಾಗ ಬಂದದರಿ," ಎಂದ. ಮುಖದಲ್ಲಿ ಹೆದರಿಕೆಯಿತ್ತು, ಅದರ ಅಂಚಿಗೆ ಒಂದಿಷ್ಟು ನಗುವೂ ಇತ್ತು. "ನಾ ಹೋಗಿ ಹೇಳಿಬಿಡ್ತೀನ್ರಿ. ಆ ಪಟ್ಟಿ ನಾನೇ ಕತ್ತರಿಸಿದ್ದು. ಉಳದ ತುಕಡಿ ಅಂಗಡ್ಯಾಗ ಅದ. ಜೋಡಿಸಿ ತೋರಿಸಿದ್ರ ಮುಗದಹೋತಲ್ರಿ."

"ಸುಮ್ನ ಕೂಡು ನಬಿಸಾಬ್. ನಿನಗೇನು ತಿಳಿತದ? ನಾ ಓದಾಕ ಬರಂಗಿಲ್ಲ ಅಂತ ಬರದಕೊಟ್ಟೀನಿ. ನೀ ಹೋಗಿ ನಂದು ಅಂದ್ರ ಇಬ್ಬರೂ ಹೋಗ್ತೀವಿ."

"ಹಂಗಲ್ರಿ ಟೀಚರ್. ಕೇಳೋಕಿಂತ ಮೊದಲ ಹೇಳಿದ್ರ..."

"ಕೂಡು ಅಂದೆ."

ನಲವತ್ತೇಳು ವರ್ಷದ ಮನುಷ್ಯ ಐದನೆಯ ತರಗತಿಯ ಹುಡುಗನಂತೆ ಕುಳಿತ. ಫರೀದಾ ಕೊಟ್ಟು ಕಳಿಸಿದ್ದ ಮಾವಿನ ಉಪ್ಪಿನಕಾಯಿ ಡಬ್ಬಿ ಇಟ್ಟು ಎದ್ದುಹೋದ. ಅವನು ಹೇಳಿದ್ದೇ ಸರಿ. ನಾನು ಹೇಳಿದ್ದು ತಪ್ಪು.

ಬಂಡೆಮ್ಮ ನಾಲ್ಕು ದಿನ ಕಾದಳು. ಐದನೆಯ ದಿನ ಬೆಳಿಗ್ಗೆ ನನಗೆ ಫೋನು ಮಾಡಿದ್ದಳಂತೆ. ನಾನು ಎತ್ತಲಿಲ್ಲ. ಹೊಸ ನಂಬರು ಕಂಡರೆ ಹೆದರುತ್ತಿದ್ದ ದಿನಗಳು ಅವು. ತರಬೇತಿಯ ಕಾಗದ, ಡ್ರೋನ್ ಹಿಡಿದು ನಿಂತ ಫೋಟೋ ತೆಗೆದುಕೊಂಡು ಒಬ್ಬಳೇ ಹಾಲ್‌ಗೆ ಹೋದಳು. ಎಲ್ಲರ ಮುಂದೆ ನಿಂತು, ಇದು ನನ್ನ ಮಷೀನು ಎಂದಳು. ಮೊದಲು ನಕ್ಕರಂತೆ. ರಿಪೇರಿ ಯಾರು ಮಾಡಿದ್ದು ಎಂದು ಕೇಳಿದಾಗ ಶಹಾಬಜಾರದ ನಬಿಸಾಬ್ ಎಂದು ಗಟ್ಟಿಯಾಗಿ ಹೇಳಿದಳು. ಅವನು ಮಾಡಿದ್ದು ಒಳ್ಳೆಯ ಕೆಲಸ ತಾನೆ, ಮುಚ್ಚಿಡುವುದೇನಿತ್ತು ಅವಳಿಗೆ? ಆಮೇಲೆ, "ಸುಳ್ಳಂದ್ರ ಆ ಬಾವುಟ ಕಿತ್ತು ನೋಡ್ರಿ, ಕೆಳಗ ನಂಬರ್ ಅದ," ಎಂದುಬಿಟ್ಟಳು.

ವಿಶ್ವಾರಾಧ್ಯನಿಗೆ ಬೇಕಾಗಿದ್ದು ಆ ಒಂದು ಮಾತು. ಬಾವುಟ ಕಿತ್ತು ನೋಡ್ರಿ ಎಂಬಷ್ಟನ್ನೇ ಕತ್ತರಿಸಿ ಮಧ್ಯಾಹ್ನದೊಳಗೆ ಊರೆಲ್ಲ ಹಂಚಿದ. ಧ್ವಜ ಕೀಳು ಎಂದ ಹೆಂಗಸು.

ಮೂರು ಗಂಟೆಗೆ ನಮ್ಮ ಗಲ್ಲಿಗೆ ಜೀಪು ಬಂತು. ನಬಿಸಾಬನನ್ನು ಕರೆದೊಯ್ದರು. ಅಂಗಡಿಯಲ್ಲಿ ಪ್ಲಾಸ್ಟರ್ ಅಂಟಿಸಿದ್ದ ಎಲ್ಲ ವಸ್ತುಗಳನ್ನೂ ಗೋಣಿಚೀಲದಲ್ಲಿ ತುಂಬಿಕೊಂಡರು. ಸಂಜೆ ಟಿವಿಯಲ್ಲಿ ಅವನ್ನು ಸಾಲಾಗಿ ಜೋಡಿಸಿ ತೋರಿಸಿದರು. ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು, ಗಾಜಿಪುರ ಬಡಾವಣೆಯ ಯಾರದೋ ವರದಕ್ಷಿಣೆಯ ಮಿಕ್ಸರ್, ನನ್ನ ಮಿಕ್ಸರ್. ನನ್ನದರ ಮೇಲಿನ ಪ್ಲಾಸ್ಟರನ್ನೂ ಕ್ಯಾಮೆರಾ ಹತ್ತಿರದಿಂದ ತೋರಿಸಿತು. ಇಕ್ಬಾಲ್ ಟೀಚರ್, ಜಾರ್ ಸೋರುತ್ತದೆ, ಮಂಗಳವಾರ. ಇದೇ ಗುಪ್ತಲಿಪಿಯ ಇನ್ನಷ್ಟು ಉಪಕರಣಗಳು ಪತ್ತೆ ಎಂದು ಸುದ್ದಿ ಓದುವ ಹುಡುಗಿ ಗಂಭೀರವಾಗಿ ಹೇಳಿದಳು. ಈ ಸಲ ನನಗೆ ನಗು ಬರಲಿಲ್ಲ.

ಮರುದಿನ ಪರ್ವೇಜ್ ಎಷ್ಟು ತಡೆದರೂ ಕೇಳದೆ ತನಿಖೆಯ ಕಚೇರಿಗೆ ಹೋದೆ. ಅಲ್ಲಿನ ಸಾಹೇಬರು ನನ್ನ ವಯಸ್ಸಿಗೆ ಎದ್ದು ನಿಂತು ಕುರ್ಚಿ ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಪ್ಲಾಸ್ಟರಿನ ಮೇಲಿನದನ್ನು ಓದಿ ಅರ್ಥ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು ಕಡತದಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ನನ್ನ ದುಂಡು ಅಕ್ಷರ.

"ಅವತ್ತು ಓದಾಕ ಬರಲಾರದ್ದು ಇವತ್ತು ಹ್ಯಾಂಗ ಬಂತ್ರಿ ಮೇಡಂ?"

"ಅವತ್ತು ಸುಳ್ಳು ಹೇಳೀನ್ರಿ. ಅವನಿಗೆ ತ್ರಾಸ ಆಗ್ತದಂತ ಹೆದರಿ ಹೇಳೀನಿ."

"ಇವತ್ತೂ ಅವನಿಗೆ ತ್ರಾಸ ಆಗ್ತದಂತೇ ಬಂದೀರಲ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಕೋರ್ಟಿನಾಗ ನಿಮ್ಮ ಯಾವ ಮಾತು ಖರೆ ಅಂತ ಹಿಡೀಲಿ ನಾ?"

ಮೂವತ್ತೈದು ವರ್ಷ ಇದೇ ಪ್ರಶ್ನೆಯನ್ನು ನಾನು ಮಕ್ಕಳಿಗೆ ಕೇಳಿ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದೆ.

"ಬಾವುಟದ ಕೆಳಗ ನಂಬರ್ ಅದಂತರಿ. ಒಂದ್ಸಲ ತೆಗೆದು ನೋಡ್ರಿ. ಎಲ್ಲಾ ಬಗೆಹರೀತದ," ಎಂದೆ.

"ಯಾರು ತೆಗೀತಾರ್ರಿ? ನೀವು ತೆಗೀತೀರಾ? ನಾಲ್ಕು ಮೊಬೈಲ್ ಮುಂದ?"

ನಾನು ನನ್ನ ಕೈಗಳನ್ನು ನೋಡಿಕೊಂಡೆ. ಅವು ನನ್ನ ತೊಡೆಯ ಮೇಲೆಯೇ ಇದ್ದವು.

ಸಾಹೇಬರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅದು ಔಷಧಿ ಹೊಡಿಯೋ ಮಷೀನ್ ಅಂತ ನನಗ ಮೊದಲನೇ ದಿನಾನೇ ಗೊತ್ತದರಿ. ನಮ್ಮ ಮಾವನ ತೊಗರಿಗೂ ಅಂಥಾದ್ರಲ್ಲೇ ಹೊಡಸೇವಿ. ಆದ್ರ ದೊಡ್ಡೋರೆಲ್ಲ ಬಂದು ಅದರ ಬಾಜೂಕ ನಿಂತು ಫೋಟೋ ತಗಸಕೊಂಡು ಹೋಗ್ಯಾರ. ಈಗ ಅಲ್ಲ ಅಂದ್ರ ಅವರ ಮಾರಿ ಎಲ್ಲಿ ಇಡೋದು? ಮೇಡಂ, ನಿಮ್ಮ ಕಾಗದ ನಾ ಸುಮ್ನ ಕಡತದಾಗ ಇಟ್ಟೀನಿ. ನಿಮ್ಮ ಮ್ಯಾಲ ಏನೂ ಬರದಿಲ್ಲ. ಮನೀಗೆ ಹೋಗ್ರಿ."

ಸುಳ್ಳನ್ನು ನಂಬುವ ಜನರಿದ್ದಾರೆ ಎಂದೇ ನಾನು ತಿಳಿದಿದ್ದೆ. ತಿಳಿಸಿ ಹೇಳಿದರೆ ತಿದ್ದಿಕೊಳ್ಳುತ್ತಾರೆ ಎಂಬ ಮೇಷ್ಟ್ರ ಬುದ್ಧಿ ನನ್ನದು. ಅಲ್ಲಿ ಕುಳಿತಾಗ ಗೊತ್ತಾಯಿತು, ಅದನ್ನು ಯಾರೂ ನಂಬಿರಲಿಲ್ಲ. ಸಾಹೇಬರು ನಂಬಿರಲಿಲ್ಲ. ಪಾಳಿಯಲ್ಲಿ ನಿಂತಿದ್ದ ತೊಗರಿ ರೈತರಲ್ಲಿ ಅರ್ಧ ಜನ ನಂಬಿರಲಿಲ್ಲ. ವಿಶ್ವಾರಾಧ್ಯ ನಂಬಿದ್ದನೋ ಇಲ್ಲವೋ ದೇವರಿಗೇ ಗೊತ್ತು. ನಂಬದವರನ್ನು ತಿದ್ದುವುದು ಹೇಗೆಂದು ನನಗೆ ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ಎದ್ದು ಮನೆಗೆ ಬಂದೆ.

ಇಪ್ಪತ್ತಮೂರು ದಿನದ ಮೇಲೆ ನಬಿಸಾಬ್ ಜಾಮೀನಿನ ಮೇಲೆ ಬಂದ. ಕೇಸು ಹಾಗೆಯೇ ಇದೆ. ಬಂಡೆಮ್ಮನ ಮೇಲೂ ಧ್ವಜದ ಕೇಸಿದೆ. ಒಂದು ಸಲ ಕಮಲಾಪುರಕ್ಕೆ ಹೋಗಿ ಅವಳ ಮನೆಯ ಮುಂದೆ ನಿಂತೆ. ಅವಳು ಬಾಳೆತೋಟದ ಕೂಲಿಗೆ ಹೋಗಿದ್ದಾಳೆ ಎಂದು ಗಂಡ ಮಾಪಣ್ಣ ಹೇಳಿದ. ಹೇಳುವಾಗ ಒಳಗೆ ಬಳೆಯ ಸದ್ದಾಯಿತು. ನಾನು ಕರೆಯಲಿಲ್ಲ. ಯಂತ್ರ ಈಗ ಕಲಬುರಗಿಗೆ ಬಂದಿದೆ. ಗಾಜಿನ ಪೆಟ್ಟಿಗೆ ಮಾಡಿಸಿದ್ದಾರೆ. ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ತೋರಿಸುತ್ತಾರೆ. ಉರ್ದು ಶಾಲೆಯ ಮಕ್ಕಳೂ ಬರುತ್ತಾರೆ, ಓದುತ್ತಾರೆ, ಸುಮ್ಮನೆ ಹೋಗುತ್ತಾರೆ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ತಾವೇ ಕಲಿತಿದ್ದಾರೆ.

ಗೋಣಿಚೀಲಗಳನ್ನು ಮೊನ್ನೆ ವಾಪಸು ಕೊಟ್ಟರು. ನಬಿಸಾಬ್ ಅಂಗಡಿಯ ಅರ್ಧ ಬಾಗಿಲು ತೆರೆದು ಕುಳಿತಿದ್ದ. ಎಲ್ಲ ವಸ್ತುಗಳ ಮೇಲಿನ ಪ್ಲಾಸ್ಟರನ್ನೂ ಸಾಕ್ಷಿಗೆಂದು ಕಿತ್ತುಕೊಂಡಿದ್ದರು. ಮಿಕ್ಸರು, ಫ್ಯಾನುಗಳು ಹೆಸರಿಲ್ಲದೆ ನೆಲದ ಮೇಲೆ ಗುಡ್ಡೆಯಾಗಿ ಬಿದ್ದಿದ್ದವು. ಒಂದೊಂದನ್ನೇ ಎತ್ತಿ, ತಿರುಗಿಸಿ ನೋಡಿ, ಕೆಳಗಿಡುತ್ತಿದ್ದ. ನಾನು ಹಲಗೆಯ ಮೇಲೆ ಫರೀದಾಳ ಪಕ್ಕದಲ್ಲಿ ಕುಳಿತೆ.

"ಕನ್ನಡದಾಗ ಬರಿ ನಬಿಸಾಬ್. ದಿನಾ ಒಂದು ತಾಸು ಬಾ, ನಾ ಕಲಿಸ್ತೀನಿ," ಎಂದೆ.

"ಯಾವುದ್ರಾಗೂ ಬ್ಯಾಡ್ರಿ ಟೀಚರ್," ಎಂದ. "ಬರಿಯೋದೇ ಬ್ಯಾಡ. ತಲ್ಯಾಗ ಇಟಕೋತೀನಿ."

ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಅವನಿಗೂ ಗೊತ್ತು. ಜೈಲಿನಿಂದ ಬಂದ ಮೇಲೆ ಅವನು ಮಾತಿನ ನಡುವೆಯೇ ಎಲ್ಲೋ ಹೋಗಿಬಿಡುತ್ತಾನೆ. ನಾನು ಕುಳಿತಿದ್ದಾಗಲೇ ಒಬ್ಬ ಹೆಂಗಸು ಬಂದು ತನ್ನ ಇಸ್ತ್ರಿಪೆಟ್ಟಿಗೆ ಕೇಳಿದಳು. ಇವನು ಕೊಟ್ಟದ್ದನ್ನು ನೋಡಿ, ಇದು ನಮ್ಮದಲ್ಲ ಎಂದು ರೇಗಿ ಇಟ್ಟುಹೋದಳು.

ಗುಡ್ಡೆಯಿಂದ ಒಂದು ಮಿಕ್ಸರ್ ಎತ್ತಿ, ತನ್ನ ಅಂಗಿಯ ತುದಿಯಿಂದ ಒರೆಸಿ, ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ.

"ಇದು ನಿಮ್ದೇ ಅಲ್ರಿ ಟೀಚರ್?"

ನನ್ನದು ಹಳದಿ ಬಣ್ಣದ್ದು, ನನ್ನ ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಪರ್ವೇಜ್‌ನ ತಂದೆ ತಂದುಕೊಟ್ಟದ್ದು. ಗುಡ್ಡೆಯ ಆ ತುದಿಯಲ್ಲಿ ಒಂದು ಫ್ಯಾನಿನ ಕೆಳಗೆ ಅದರ ಮೂಲೆ ಕಾಣುತ್ತಿತ್ತು. ಇವನ ಕೈಯಲ್ಲಿದ್ದುದು ಯಾರದೋ ಬಿಳಿ ಮಿಕ್ಸರ್.

"ಹೌದು ನಬಿಸಾಬ್. ನಂದೇ," ಎಂದೆ.

ಇವನ ಮುಖ ಒಂದಿಷ್ಟು ಗೆಲುವಾಯಿತು. ಒಂದಾದರೂ ನೆನಪಿತ್ತು ನೋಡಿ ಎಂದು ಫರೀದಾಳ ಕಡೆ ತಿರುಗಿ ಹೇಳಿದ. ಅವಳು ನನ್ನನ್ನು ನೋಡಿದಳು. ಅವಳಿಗೆ ನನ್ನ ಮಿಕ್ಸರಿನ ಬಣ್ಣ ಗೊತ್ತಿತ್ತು. ಅವಳು ತಲೆ ತಗ್ಗಿಸಿ ಸ್ಕ್ರೂ ಆರಿಸತೊಡಗಿದಳು. ಯಾರದೋ ಮಿಕ್ಸರನ್ನು ಬುರ್ಖಾದ ಕೆಳಗೆ ಹಿಡಿದುಕೊಂಡು ನಾನು ಮನೆಗೆ ನಡೆದೆ.